ಮರೆಯಿಲ್ಲದ ಬಯಲಿನಲ್ಲಿ ಕ್ಯಾಮೆರಾ

ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿ ಜೀಪು ಹತ್ತಿದವರಿಗೆ ಗೊತ್ತು, ಅಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ. ಜಿಂಕೆ ಕೂಗಿತೇ, ಮುಸುವ ಎಚ್ಚರಿಸಿತೇ ಎಂದು ಆಲಿಸುತ್ತ, ಲಂಟಾನಾ ಪೊದೆಯ ಹಿಂದಿನಿಂದ ಹುಲಿ ದಾರಿ ದಾಟುವ ನಾಲ್ಕು ಸೆಕೆಂಡಿಗಾಗಿ ಗಂಟೆಗಟ್ಟಲೆ ಕೂರಬೇಕು. ಅದೇ ಅಭ್ಯಾಸದಲ್ಲಿ ಕೆನ್ಯಾದ ಮಸಾಯಿ ಮಾರಾಕ್ಕೆ ಹೋದವರು ಮೊದಲ ದಿನವೇ ತಬ್ಬಿಬ್ಬಾಗುತ್ತಾರೆ. ಅಲ್ಲಿ ಮರೆಯೇ ಇಲ್ಲ. ದಾರಿಯ ಪಕ್ಕದಲ್ಲೇ ಸಿಂಹಗಳ ಸಂಸಾರ ಮಲಗಿರುತ್ತದೆ, ಅದರಾಚೆ ಜೀಬ್ರಾ ಹಿಂಡು, ಇನ್ನೂ ಆಚೆ ಅಕೇಶಿಯಾ ಮರದ ನೆತ್ತಿ ಮೇಯುವ ಜಿರಾಫೆ. ಮಧ್ಯಾಹ್ನದೊಳಗೆ ಮೆಮೊರಿ ಕಾರ್ಡ್ ತುಂಬುತ್ತದೆ. ಸಂಜೆ ಕ್ಯಾಂಪಿನಲ್ಲಿ ಕೂತು ನೋಡಿದರೆ ಪಕ್ಕದ ಗಾಡಿಯವರು ತೆಗೆದ ಚಿತ್ರಕ್ಕೂ ತಮ್ಮದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಆಫ್ರಿಕಾದ ವನ್ಯಜೀವಿ ಛಾಯಾಗ್ರಹಣದ ಕಷ್ಟ ಇರುವುದು ಇಲ್ಲೇ. ಪ್ರಾಣಿ ಹೇಗೂ ಕಾಣುತ್ತದೆ. ಅದು ಮುಂದಿನ ಹತ್ತು ನಿಮಿಷದಲ್ಲಿ ಏನು ಮಾಡೀತು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಅದರ ಬೆನ್ನ ಹಿಂದೆ ಇರುವುದು ಹುಲ್ಲೋ ಆಕಾಶವೋ ಇನ್ನೊಂದು ಜೀಪೋ ಎಂದು ಮೊದಲೇ ಲೆಕ್ಕ ಹಾಕಿ ಕಾಯುವವರಿಗೆ ಆ ಬಯಲು ಒಲಿಯುತ್ತದೆ. ಹೀಗೆ ಕಾಯುವವರಿಂದ ಪ್ರಾಣಿಗೆ ಆಗುವ ತೊಂದರೆಯೂ ಕಡಿಮೆ. ಮಾರಾದಂಥ ಕಡೆ ಈ ಎರಡನೆಯ ಮಾತಿಗೆ ಮೊದಲನೆಯದಕ್ಕಿಂತ ಹೆಚ್ಚು ತೂಕವಿದೆ.

ಮಸಾಯಿ ಮಾರಾ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿ.ಮೀ. ದಕ್ಷಿಣಕ್ಕೆ ಗಡಿ ದಾಟಿದರೆ ಟಾಂಜಾನಿಯಾದ ಸೆರೆಂಗೆಟಿ, 14,763 ಚದರ ಕಿ.ಮೀ. ನಡುವೆ ಬೇಲಿಯಿಲ್ಲ. ಭೂಮಧ್ಯರೇಖೆಯಿಂದ ಬರೀ ಒಂದೂವರೆ ಡಿಗ್ರಿ ದಕ್ಷಿಣಕ್ಕಿದ್ದರೂ ನೆಲ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಬೆಳಗಿನ ಜಾವ ಸ್ವೆಟರ್ ಇಲ್ಲದೆ ತೆರೆದ ಗಾಡಿಯಲ್ಲಿ ಕೂರಲಾಗದು. ವರ್ಷವಿಡೀ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸು. ಹುಟ್ಟಿದವನು ಓರೆಯಾಗಿ ಜಾರದೆ ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ ಸುಮಾರು 15 ಡಿಗ್ರಿ. ಬೇಸಿಗೆಯ ಯುರೋಪಿನಲ್ಲಿ ಗಂಟೆಗಟ್ಟಲೆ ಉಳಿಯುವ ಹೊಂಬೆಳಕು ಇಲ್ಲಿ ಬಹುಬೇಗ ಮುಗಿಯುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ಸಿಂಹದ ಹುಬ್ಬಿನ ನೆರಳು ಅದರ ಕಣ್ಣನ್ನೇ ಮುಚ್ಚಿಬಿಟ್ಟಿರುತ್ತದೆ.

ಬಿಸಿಲೇರಿದ ಮೇಲೆ ಇನ್ನೊಂದು ಅಡ್ಡಿ. ಕಾದ ನೆಲದಿಂದ ಮೇಲೇಳುವ ಗಾಳಿ ಬೆಳಕನ್ನು ಬಳುಕಿಸುತ್ತದೆ. ಬರಿಗಣ್ಣಿಗೆ ಇದು ಅಷ್ಟಾಗಿ ತೋರದು. ಆದರೆ ಇನ್ನೂರು ಮೀಟರ್ ಆಚೆ ಕೂತ ಚೀತಾವನ್ನು 600 ಮಿ.ಮೀ. ಲೆನ್ಸಿನಲ್ಲಿ ಹಿಡಿದರೆ ಮುಖದ ಚುಕ್ಕೆಗಳೆಲ್ಲ ನೀರಿನಡಿಯಿಂದ ಕಂಡಂತೆ ಕದಡಿರುತ್ತವೆ. ಎಷ್ಟೋ ಜನ ಇದು ಲೆನ್ಸಿನ ದೋಷ, ಆಟೋ ಫೋಕಸ್ಸಿನ ದೋಷ ಎಂದು ಊರಿಗೆ ಮರಳಿ ಸರ್ವೀಸ್ ಸೆಂಟರ್‌ಗೆ ಅಲೆಯುತ್ತಾರೆ. ಯಾವ ಲೆನ್ಸೂ ಆ ಗಾಳಿಯನ್ನು ದಾಟಲಾರದು. ಮಧ್ಯಾಹ್ನ ದೂರದ ಪ್ರಾಣಿಯನ್ನು ಬಿಟ್ಟು ಮೋಡದ ನೆರಳು ಹಾಯುವ ಬಯಲನ್ನೇ ಅಗಲ ಲೆನ್ಸಿನಲ್ಲಿ ತೆಗೆಯುವುದು, ಇಲ್ಲವೇ ಕ್ಯಾಂಪಿಗೆ ಮರಳಿ ಹಕ್ಕಿಗಳನ್ನು ನೋಡುವುದು ಜಾಣತನ.

ಮುಂಜಾನೆಯ ಆ ಸಣ್ಣ ಅವಧಿಯಲ್ಲಿ ಅನುಭವಿಗಳು ಮಾಡುವ ಕೆಲಸ ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಬೇಕೆಂಬ ಹಳೆಯ ಪಾಠ ಬಿಟ್ಟು, ಗಾಡಿಯನ್ನು ಪ್ರಾಣಿಯ ಆಚೆ ಬದಿಗೆ, ಸೂರ್ಯನ ಎದುರಿಗೇ ನಿಲ್ಲಿಸಲು ಗೈಡ್‌ಗೆ ಹೇಳುತ್ತಾರೆ. ಹಿಂಬೆಳಕಿನಲ್ಲಿ ಸಿಂಹದ ಕೇಸರದ ಅಂಚು ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಅದು ಗರ್ಜಿಸಿದರೆ ಉಸಿರಿನ ಹಬೆ ಕಾಣುತ್ತದೆ. ಕ್ಯಾಮೆರಾ ತಾನಾಗಿ ಲೆಕ್ಕ ಹಾಕಿದ ಎಕ್ಸ್‌ಪೋಷರ್ ಇಲ್ಲಿ ನಡೆಯದು. ಒಂದೆರಡು ಸ್ಟಾಪ್ ಇಳಿಸಿ ಮೈಯನ್ನು ಕತ್ತಲಾಗಲು ಬಿಟ್ಟರೆ ಅಂಚು ಮಾತ್ರ ಉಳಿಯುತ್ತದೆ. ಕೆನ್ಯಾದ್ದೇ ಆದ ಅಂಬೋಸೆಲಿಯ ಒಣಗಿದ ಕೆರೆಯಂಗಳದಲ್ಲಿ ಆನೆಗಳು ಎಬ್ಬಿಸುವ ಬಿಳಿ ಧೂಳಿಗೂ ಇದೇ ವಿದ್ಯೆ. ಆ ಧೂಳು ಮಾತ್ರ ಬಲು ಸಣ್ಣದು. ಅಲ್ಲಿ ಬಯಲಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಕೂತ ಕಲೆ ಉಳಿದ ಚಿತ್ರಗಳಲ್ಲೆಲ್ಲ ಜೊತೆಗೆ ಬರುತ್ತದೆ. ಅದಕ್ಕೇ ಎರಡು ಬಾಡಿ ಒಯ್ಯುತ್ತಾರೆ. ಒಂದರಲ್ಲಿ 200-600 ಅಥವಾ 100-400 ಜೂಮ್, ಇನ್ನೊಂದರಲ್ಲಿ 24-105ರಂಥದ್ದು. ಆನೆ ಗಾಡಿಯ ಪಕ್ಕಕ್ಕೇ ಬಂದು ನಿಂತಾಗ ಉದ್ದ ಲೆನ್ಸಿನಲ್ಲಿ ಸಿಗುವುದು ಚರ್ಮದ ಸುಕ್ಕು ಮಾತ್ರ.

ಟ್ರೈಪಾಡ್ ಇಲ್ಲಿ ಭಾರ, ಗಾಡಿಯೊಳಗೆ ಅದನ್ನು ಹರಡಲು ಜಾಗವಿಲ್ಲ. ಆಫ್ರಿಕಾದ ಸಫಾರಿಯಲ್ಲಿ ಎಲ್ಲರಿಗೂ ಬೇಕಾದ ಉಪಕರಣ ಬೀನ್ ಬ್ಯಾಗ್. ಊರಿಂದ ಖಾಲಿ ಚೀಲ ಒಯ್ದು, ಕ್ಯಾಂಪಿನ ಅಡುಗೆಮನೆಯಲ್ಲಿ ಅಕ್ಕಿಯನ್ನೋ ಕಾಳನ್ನೋ ಕೇಳಿ ತುಂಬಿಸಿ, ಕಿಟಕಿಯ ಮೇಲೋ ಛಾವಣಿಯ ಅಂಚಿನ ಮೇಲೋ ಇಟ್ಟು, ಲೆನ್ಸನ್ನು ಅದರಲ್ಲಿ ಹುದುಗಿಸುತ್ತಾರೆ. ಎಂಜಿನ್ ನಿಲ್ಲಿಸಲೇಬೇಕು. ಗಾಡಿಯ ನಡುಕ ಚೀಲದ ಮೂಲಕವೂ ಲೆನ್ಸಿಗೆ ಹತ್ತುತ್ತದೆ. ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್‌ನಲ್ಲಿ ನಿಂತು ತೆಗೆಯುವುದು ಸುಲಭವಾದರೂ ಅಷ್ಟು ಎತ್ತರದಿಂದ ನೋಡಿದರೆ ಸಿಂಹ ಕುಗ್ಗಿ ನೆಲಕ್ಕೆ ಅಂಟಿದಂತೆ ಕಾಣುತ್ತದೆ. ಕೂತು ಕಿಟಕಿಯಿಂದ ತೆಗೆದರೆ ಅದರ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಬಹುದು. ಚಿತ್ರ ನೋಡುವವರಿಗೆ ಪ್ರಾಣಿಯ ಎದುರು ತಾವೇ ಇದ್ದಂತೆ ಅನಿಸುವುದು ಆ ಮಟ್ಟದಲ್ಲಿ.

ಕಣ್ಣಿನ ಮಟ್ಟಕ್ಕೆ ಇಳಿಯುವುದರಿಂದ ಏನಾಗುತ್ತದೆಂಬುದಕ್ಕೆ ದಕ್ಷಿಣ ಆಫ್ರಿಕಾದ ಗ್ರೆಗ್ ಡು ಟಾಯ್ಟ್ ಅವರ ಆನೆಗಳ ಚಿತ್ರ ಸಾಕ್ಷಿ. 2013ರಲ್ಲಿ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ ಅದು. ಬೋಟ್ಸ್‌ವಾನಾದ ನಾರ್ದರ್ನ್ ಟುಲಿಯಲ್ಲಿ ನೀರಿನ ತಾಣವೊಂದರ ಪಕ್ಕ ಹೂತಿಟ್ಟ ಕಂಟೇನರ್‌ನೊಳಗೆ ಅವರು ಕೂತಿದ್ದರು. ಲೆನ್ಸು ಹೆಚ್ಚುಕಡಿಮೆ ಆನೆಯ ಕಾಲುಗುರಿನ ಮಟ್ಟದಲ್ಲಿತ್ತು. ಶಟರ್ ವೇಗವನ್ನು ಬೇಕೆಂದೇ ತಗ್ಗಿಸಿ, ಪೋಲರೈಸಿಂಗ್ ಫಿಲ್ಟರ್ ಹಾಕಿ, ಆನೆಗಳ ಕಾಲುಗಳು ಮಸುಕಾಗಿ ಹರಿಯುವಂತೆ ಬಿಟ್ಟರು. ನೀಲಿ ಛಾಯೆಯ ಆ ಚಿತ್ರದ ನಡುವೆ ಮರಿಯಾನೆ ಓಡುತ್ತಿದೆ. ತೀಕ್ಷ್ಣವಾಗಿ ಮೂಡಿಲ್ಲದ ಭಾಗಗಳೇ ಅದಕ್ಕೆ ಜೀವ ಕೊಟ್ಟಿವೆ. ಹತ್ತು ವರ್ಷ ಆನೆಗಳನ್ನೇ ಚಿತ್ರಿಸುತ್ತ ಬಂದ ಮೇಲೆ ದಕ್ಕಿದ ಚಿತ್ರ ಅದು.

ಮರುವರ್ಷ, 2014ರಲ್ಲಿ, ಅದೇ ಪ್ರಶಸ್ತಿ ಅಮೆರಿಕದ ಮೈಕೆಲ್ ‘ನಿಕ್’ ನಿಕೋಲ್ಸ್ ಅವರ ಪಾಲಾಯಿತು. ಸೆರೆಂಗೆಟಿಯ ಬಂಡೆಯೊಂದರ ಮೇಲೆ ಮರಿಗಳೊಂದಿಗೆ ಮಲಗಿದ ಐದು ಹೆಣ್ಣು ಸಿಂಹಗಳ ಚಿತ್ರ. ಇನ್‌ಫ್ರಾರೆಡ್‌ನಲ್ಲಿ ತೆಗೆದು ಕಪ್ಪುಬಿಳುಪಿಗೆ ತಂದದ್ದು. ವುಂಬಿ ಎಂದು ಕರೆಯುವ ಆ ಹಿಂಡನ್ನು ನಿಕೋಲ್ಸ್ ಸುಮಾರು ಆರು ತಿಂಗಳು ಅನುಸರಿಸಿದ್ದರು. ಸಿಂಹಗಳಿಗೆ ಅವರ ಗಾಡಿ ಬಯಲಿನ ಬಂಡೆಗಳಲ್ಲೊಂದಾಗಿಬಿಟ್ಟಿತ್ತು. ಚಿತ್ರ ತೆಗೆದ ಕೆಲವು ತಿಂಗಳ ಬಳಿಕ ಹಿಂಡು ಉದ್ಯಾನದ ಗಡಿಯಾಚೆ ಹೋದಾಗ ಅವುಗಳಲ್ಲಿ ಮೂರು ಹೆಣ್ಣು ಸಿಂಹಗಳು ಹತವಾದವು. ಬೇಲಿಯಿಲ್ಲದ ಕಾಡಿನ ಅಂಚಿನಲ್ಲಿ ದನ ಸಾಕುವ ಜನರೂ ಬದುಕಬೇಕು, ಸಿಂಹವೂ ಬದುಕಬೇಕು. ಆ ಚಿತ್ರವನ್ನು ಇದು ಗೊತ್ತಿದ್ದು ನೋಡುವುದೇ ಬೇರೆ.

2025ರ ಪ್ರಶಸ್ತಿಯೂ ಆಫ್ರಿಕಾದ್ದೇ. ನಮೀಬಿಯಾದ ಕೋಲ್ಮಾನ್ಸ್‌ಕಾಪ್ ಒಂದು ಕಾಲದಲ್ಲಿ ವಜ್ರ ತೆಗೆಯುತ್ತಿದ್ದ ಊರು, ಈಗ ಜನರಿಲ್ಲ, ಮನೆಗಳೊಳಗೆ ಮರಳು ತುಂಬಿದೆ. ಅಲ್ಲಿ ಕಂದು ಕತ್ತೆಕಿರುಬದ ಹೆಜ್ಜೆಗುರುತು ಕಂಡ ವಿಮ್ ವಾನ್ ಡೆನ್ ಹೀವರ್, ಅದು ಪಾಳುಮನೆಯ ಮುಂದೆ ಹಾದುಹೋಗುವ ಚಿತ್ರಕ್ಕಾಗಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹತ್ತು ವರ್ಷ ಕಾದರು.

ಪ್ರವಾಸಿಗೆ ಸಿಗುವುದು ಹೆಚ್ಚೆಂದರೆ ವಾರ. ಆ ವಾರವನ್ನು ಹೇಗೆ ಬಳಸಬೇಕೆಂಬುದು ಗೈಡ್ ಜೊತೆಗಿನ ಮೊದಲ ಮಾತಿನಲ್ಲೇ ತೀರ್ಮಾನವಾಗುತ್ತದೆ. ಕೆನ್ಯಾದಲ್ಲಿ ಸಫಾರಿ ಗೈಡ್‌ಗಳಿಗೆ ವೃತ್ತಿಪರ ಸಂಘದ ಪರೀಕ್ಷೆಗಳಿವೆ. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಹಂತ. ಮೇಲಿನ ಹಂತ ಮುಟ್ಟಿದವರಿಗೆ ಹಕ್ಕಿ, ಹುಲ್ಲು, ಹೆಜ್ಜೆ, ನಕ್ಷತ್ರ ಎಲ್ಲ ಗೊತ್ತು. ಹೆಚ್ಚಿನ ಪ್ರವಾಸಿಗರು ಅವರ ಕೈಗೆ ಕೊಡುವುದು ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗಗಳ ‘ಬಿಗ್ ಫೈವ್’ ಪಟ್ಟಿ. ಕಾಲ್ನಡಿಗೆಯಲ್ಲಿ ಕೊಲ್ಲಲು ಅತಿ ಕಷ್ಟವಾದ, ಅಪಾಯದ ಪ್ರಾಣಿಗಳೆಂದು ಹಿಂದಿನ ಬೇಟೆಗಾರರು ಮಾಡಿಕೊಂಡ ಪಟ್ಟಿ ಅದು. ಕೆನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಪಟ್ಟಿ ಮಾತ್ರ ಕ್ಯಾಮೆರಾ ಹಿಡಿದವರ ತಲೆಯಲ್ಲಿ ಉಳಿದುಕೊಂಡಿದೆ. ಅದನ್ನು ಪಕ್ಕಕ್ಕಿಟ್ಟು, “ಒಂದು ಸಿಂಹದ ಹಿಂಡಿನ ಹತ್ತಿರ ಇಡೀ ಬೆಳಿಗ್ಗೆ ಇರೋಣ” ಎಂದು ಹೇಳುವ ಪ್ರವಾಸಿ ಸಿಕ್ಕರೆ ಒಳ್ಳೆಯ ಗೈಡ್‌ನ ಮುಖ ಅರಳುತ್ತದೆ.

ಕ್ಯಾಮೆರಾ ಬಂದೂಕಿನ ಹಿಂದೆಯೇ ಆಫ್ರಿಕಾಕ್ಕೆ ಬಂತು. ಜರ್ಮನಿಯ ಕಾರ್ಲ್ ಜಾರ್ಜ್ ಶಿಲ್ಲಿಂಗ್ಸ್ ಕಳೆದ ಶತಮಾನದ ಆರಂಭದಲ್ಲಿ, ಈಗಿನ ಟಾಂಜಾನಿಯಾ ಜರ್ಮನ್ ವಸಾಹತಾಗಿದ್ದಾಗ, ರಾತ್ರಿಯ ಕತ್ತಲಲ್ಲಿ ಮೆಗ್ನೀಸಿಯಂ ಪುಡಿಯ ಫ್ಲ್ಯಾಶ್ ಸಿಡಿಸಿ ಸಿಂಹಗಳನ್ನು ಗಾಜಿನ ತಟ್ಟೆಯ ಮೇಲೆ ಮೂಡಿಸಿದ. 1905ರಲ್ಲಿ ಬಂದ ಅವನ ಪುಸ್ತಕದ ಹೆಸರಿನಲ್ಲೇ ಫ್ಲ್ಯಾಶೂ ಬಂದೂಕೂ ಜೊತೆಯಾಗಿದ್ದವು. ಸಿಂಹ ಬರಲೆಂದು ಅವನು ಸಾಕುಪ್ರಾಣಿಗಳನ್ನು ಕಟ್ಟಿಹಾಕುತ್ತಿದ್ದ. ಇಂದು ಹೆಸರಾಂತ ಸ್ಪರ್ಧೆಗಳು ಜೀವಂತ ಆಮಿಷ ಇಟ್ಟು ತೆಗೆದ ಚಿತ್ರವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಆದರೂ ತೊಂದರೆ ಕೊಡುವ ಬೇರೆ ದಾರಿಗಳಿವೆ. ಅದರ ಪೆಟ್ಟು ಹೆಚ್ಚಾಗಿ ಬಿದ್ದಿರುವುದು ಚೀತಾಗೆ. ಸಿಂಹ, ಚಿರತೆ, ಕತ್ತೆಕಿರುಬಗಳು ರಾತ್ರಿಯ ಕತ್ತಲನ್ನೂ ಬಳಸಿಕೊಳ್ಳುತ್ತವೆ. ಚೀತಾ ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುತ್ತದೆ, ಅಂದರೆ ಪ್ರವಾಸಿಗಳು ಬಯಲಲ್ಲಿರುವ ಹೊತ್ತಿನಲ್ಲೇ. ಫೆಮ್ಕೆ ಬ್ರೋಕ್‌ಹೌಸ್ ಎಂಬ ವಿಜ್ಞಾನಿ ಮಾರಾದ ತಾಯಿ ಚೀತಾಗಳನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದರೆ ಎದೆ ಭಾರವಾಗುತ್ತದೆ. ಪ್ರವಾಸಿಗಳು ಕಡಿಮೆಯಿರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿಗಳು ಬೆಳೆದು ಸ್ವತಂತ್ರವಾಗುತ್ತವೆ. ಪ್ರವಾಸಿಗಳ ದಟ್ಟಣೆಯಿರುವ ಕಡೆ ಆ ಸಂಖ್ಯೆ 0.2. ಹತ್ತು ಪಟ್ಟಿಗೂ ಹೆಚ್ಚಿನ ಅಂತರ. ಗಾಡಿಗಳು ಅಡ್ಡ ಬಂದು ಬೇಟೆ ತಪ್ಪುವುದು, ಹಿಡಿದ ಬೇಟೆ ಬೇರೆ ಪ್ರಾಣಿಗಳ ಪಾಲಾಗುವುದು, ಸದಾ ಸುತ್ತುವರಿದಿರುವುದರ ಒತ್ತಡ, ಇವೆಲ್ಲ ಕಾರಣವಾಗಿರಬಹುದು. ಚೀತಾ ಗಾಡಿಯ ಬಾನೆಟ್ ಏರಿ ಕೂತ ಚಿತ್ರಗಳನ್ನು ಜನ ಮೆಚ್ಚಿ ಹಂಚಿಕೊಳ್ಳುತ್ತಾರೆ. ಅದರ ಹಿಂದೆ ಇರುವುದು ಈ ಲೆಕ್ಕ.

ಮಾರಾ ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್‌ನಲ್ಲಿ ಸಿಂಹವೋ ಚೀತಾವೋ ಕಂಡಾಗ ಒಮ್ಮೆಗೆ ಐದಕ್ಕಿಂತ ಹೆಚ್ಚು ಗಾಡಿಗಳು ನಿಲ್ಲುವಂತಿಲ್ಲ, ಉಳಿದವರು ದೂರದಲ್ಲಿ ಸರದಿ ಕಾಯಬೇಕು. ಮೀಸಲು ಪ್ರದೇಶದ ಸುತ್ತ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆ ಕೊಟ್ಟು ರೂಪಿಸಿದ ಕನ್ಸರ್ವೆನ್ಸಿಗಳಿವೆ: ನಬೋಯಿಶೋ, ಓಲಾರೆ ಮೊಟೊರೊಗಿ, ಮಾರಾ ನಾರ್ತ್. ಅಲ್ಲಿ ಗಾಡಿಗಳು ಕಡಿಮೆ, ರಸ್ತೆ ಬಿಟ್ಟು ಹೋಗಲು ಅವಕಾಶವೂ ಉಂಟು, ಗುತ್ತಿಗೆಯ ಹಣ ಆ ನೆಲದವರ ಮನೆಗೇ ಸೇರುತ್ತದೆ. ದುಬಾರಿಯಾದರೂ ಚಿತ್ರ ತೆಗೆಯುವವರು ಒಂದೆರಡು ದಿನವಾದರೂ ಅಲ್ಲಿ ಕಳೆಯುವುದು ಒಳ್ಳೆಯದು.

ನದಿ ದಾಟುವ ವೈಲ್ಡ್‌ಬೀಸ್ಟ್‌ಗಳ ದೃಶ್ಯಕ್ಕಾಗಿಯೇ ಜುಲೈನಿಂದ ಅಕ್ಟೋಬರ್‌ವರೆಗೆ ಜಗತ್ತಿನ ಎಲ್ಲೆಡೆಯಿಂದ ಜನ ಮಾರಾಕ್ಕೆ ಮುಗಿಬೀಳುತ್ತಾರೆ. ಬಹುಕಾಲದಿಂದ 13 ಲಕ್ಷ ಎಂದು ಅಂದಾಜಿಸುತ್ತ ಬಂದಿರುವ ಹಿಂಡು ಮಳೆ ಮತ್ತು ಹಸಿರನ್ನು ಅನುಸರಿಸಿ ಸೆರೆಂಗೆಟಿ-ಮಾರಾ ನಡುವೆ ವರ್ಷವಿಡೀ ಸುತ್ತುತ್ತದೆ. ದಂಡೆಗೆ ಬಂದ ಹಿಂಡು ಒಂದು ಗಂಟೆ ನಿಲ್ಲಬಹುದು, ನಾಲ್ಕು ಗಂಟೆ ನಿಲ್ಲಬಹುದು, ಹಿಂದಿರುಗಿಯೂ ಹೋಗಬಹುದು. ಮೊದಲ ಪ್ರಾಣಿ ನೀರಿಗೆ ಧುಮುಕುವವರೆಗೆ ಗಾಡಿಗಳು ದೂರ ಇರಬೇಕು. ಆ ತಾಳ್ಮೆ ಎಲ್ಲರಿಗಿಲ್ಲ. 2025ರ ಜುಲೈನಲ್ಲಿ ಸೆರೆಂಗೆಟಿಯಲ್ಲಿ ಪ್ರವಾಸಿಗಳು ಗಾಡಿಯಿಂದಿಳಿದು ದಂಡೆಗೇ ಹೋಗಿ ಹಿಂಡಿನ ದಾರಿಗೆ ಅಡ್ಡ ನಿಂತ ವಿಡಿಯೋ ಜಗತ್ತಿನಾದ್ಯಂತ ಹರಿದಾಡಿತು. ಮೊಸಳೆಯಿರುವ ನದಿ ದಾಟಲು ಧೈರ್ಯ ಒಟ್ಟುಗೂಡಿಸಿಕೊಳ್ಳುತ್ತಿರುವ ಪ್ರಾಣಿಗಳ ಎದುರು ಮೊಬೈಲ್ ಹಿಡಿದು ನಿಂತ ಮನುಷ್ಯರ ಸಾಲು ನೋಡಿ ಸಿಟ್ಟು ಬಾರದಿದ್ದವರು ಅಪರೂಪ.

ಆ ದೃಶ್ಯ ಸಿಕ್ಕಾಗ ಹೆಚ್ಚಿನವರು ಮೊಸಳೆಯ ಬಾಯಿಗಾಗಿ ಉದ್ದ ಲೆನ್ಸಿಗೆ ಕಣ್ಣು ಕೊಟ್ಟು ಕೂರುತ್ತಾರೆ. ಇಡೀ ದಂಡೆ, ಇಳಿಜಾರಿನ ಧೂಳು, ಜಾರುವ ಗೊರಸುಗಳು, ಆಚೆ ದಡದಲ್ಲಿ ತಾಯಿಯನ್ನು ಕೂಗಿ ಹುಡುಕುವ ಕರು, ಇವೆಲ್ಲ ಆಗ ಚೌಕಟ್ಟಿನ ಹೊರಗೆ ಉಳಿಯುತ್ತವೆ. 70-200 ಲೆನ್ಸೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು.

ಇನ್ನು ಹಕ್ಕಿಗಳು. ಕೆನ್ಯಾದಲ್ಲಿ ದಾಖಲಾಗಿರುವ ಹಕ್ಕಿ ಪ್ರಭೇದಗಳು ಸುಮಾರು 1,100. ಸಿಂಹ ಹುಡುಕುವ ಅವಸರದಲ್ಲಿ ಎಲ್ಲ ಗಾಡಿಗಳೂ ದಾಟಿಹೋಗುವ ಗಿಡದ ತುದಿಯಲ್ಲಿ ಕೂತಿರುತ್ತದೆ ಲೈಲಾಕ್ ಬ್ರೆಸ್ಟೆಡ್ ರೋಲರ್, ಕರ್ನಾಟಕದ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ಬಂಧು. ನೇರಳೆ ಎದೆ, ತಿಳಿನೀಲಿ ಹೊಟ್ಟೆ, ಹಸಿರು ನೆತ್ತಿ, ಬಾಲದಲ್ಲಿ ಎರಡು ಉದ್ದ ಗರಿ. ರೆಕ್ಕೆ ಬಿಚ್ಚಿದರೆ ನಮ್ಮ ನೀಲಕಂಠದ್ದೇ ಆ ಉರಿಯುವ ನೀಲಿ. ಕೂತ ಚಿತ್ರ ಯಾರಿಗೂ ಸಿಗುತ್ತದೆ. ಹಾರುವಾಗ ಹಿಡಿಯಬೇಕಾದರೆ ಅದರ ರೀತಿ ತಿಳಿದಿರಬೇಕು. ಅದು ನೆಲದ ಮಿಡತೆಯ ಮೇಲೆ ಎರಗಿ ಬಹಳ ಸಲ ಅದೇ ರೆಂಬೆಗೆ ಮರಳುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಮುಖಕೊಟ್ಟು ಹಾರಿ ಏಳುತ್ತವೆ, ಗಾಳಿಗೆ ಮುಖಕೊಟ್ಟೇ ಇಳಿಯುತ್ತವೆ. ಆದ್ದರಿಂದ ಗಾಳಿಯೂ ಬೆಳಕೂ ಬೆನ್ನ ಹಿಂದಿರುವಂತೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಶಟರ್ ವೇಗವನ್ನು ಸೆಕೆಂಡಿನ 3,200ನೇ ಒಂದು ಭಾಗಕ್ಕೆ ಏರಿಸಿ, ಆ ರೆಂಬೆಯ ಸುತ್ತ ಸಾಕಷ್ಟು ಖಾಲಿ ಜಾಗ ಬಿಟ್ಟು ಕಾದರೆ ಹಕ್ಕಿ ತಾನಾಗಿ ಎದುರಿಗೆ ಬರುತ್ತದೆ. ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವ ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಫೋಕಸ್ಸಿನ ಹೊರೆ ಇಳಿಸಿವೆ. ಗಾಳಿ ಯಾವ ಕಡೆಯದೆಂದು ಅವುಗಳಿಗೆ ತಿಳಿಯದು.

ಸೆಕ್ರೆಟರಿ ಬರ್ಡ್ ಇನ್ನೂ ಕಠಿಣ ಪರೀಕ್ಷೆ. ಕೊಕ್ಕರೆಯ ಕಾಲು, ಹದ್ದಿನ ಮುಖ, ತಲೆಯ ಹಿಂದೆ ಕಪ್ಪು ಗರಿಗಳ ಜುಟ್ಟು. ಹುಲ್ಲಿನಲ್ಲಿ ನಡೆಯುತ್ತಲೇ ಹಾವು, ಹಲ್ಲಿಗಳನ್ನು ಒದ್ದು ಕೊಲ್ಲುತ್ತದೆ. ಬ್ರಿಟನ್ನಿನ ಪಕ್ಷಿಧಾಮವೊಂದರ ಮ್ಯಾಡಲಿನ್ ಎಂಬ ಹಕ್ಕಿಗೆ ರಬ್ಬರ್ ಹಾವು ತೋರಿಸಿ ವಿಜ್ಞಾನಿಗಳು ಅಳೆದು 2016ರಲ್ಲಿ ಪ್ರಕಟಿಸಿದ ಪ್ರಕಾರ, ಒದೆತದ ಬಲ ಅದರ ದೇಹತೂಕದ ಐದು ಪಟ್ಟು, ಕಾಲು ಹಾವಿಗೆ ತಾಗಿರುವ ಅವಧಿ ಸರಾಸರಿ 15 ಮಿಲಿಸೆಕೆಂಡು. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾದಲ್ಲೂ ಎರಡು ಫ್ರೇಮುಗಳ ನಡುವಿನ ಅಂತರ 50 ಮಿಲಿಸೆಕೆಂಡು. ಒದೆತ ಆ ಅಂತರದಲ್ಲೇ ಮುಗಿದುಹೋಗಬಹುದು. ಹಾಗಾಗಿ ಬಟನ್ ಒತ್ತಿ ಹಿಡಿದರಷ್ಟೇ ಸಾಲದು. ಹಕ್ಕಿ ನಡಿಗೆ ನಿಲ್ಲಿಸಿ, ಜುಟ್ಟು ಕೆದರಿ, ತಲೆ ಬಗ್ಗಿಸಿ ಒಂದೇ ಕಡೆ ದಿಟ್ಟಿಸತೊಡಗಿದಾಗಲೇ ಸಿದ್ಧವಾಗಿ, ಪದೇ ಪದೇ ಬೀಳುವ ಒದೆತಗಳಲ್ಲಿ ಒಂದಾದರೂ ಸಿಕ್ಕೀತೆಂದು ನಂಬಬೇಕು. 2020ರಿಂದ ಈ ಹಕ್ಕಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದನ್ನು ಹಿಂಬಾಲಿಸಿ ಗಾಡಿ ಓಡಿಸಿದರೆ ಬೇಟೆ ಬಿಟ್ಟು ಹಾರಿಹೋಗುತ್ತದೆ.

ಸತ್ತ ಪ್ರಾಣಿಯ ಸುತ್ತಲಿನ ರಣಹದ್ದುಗಳತ್ತ ಹೆಚ್ಚಿನವರು ಕ್ಯಾಮೆರಾ ತಿರುಗಿಸುವುದಿಲ್ಲ. ನಿಂತು ನೋಡಿದವರಿಗೆ ಅಲ್ಲೊಂದು ಕ್ರಮ ಕಾಣುತ್ತದೆ. ದಪ್ಪ ಚರ್ಮ ಸೀಳುವ ಬಲ ಲ್ಯಾಪೆಟ್ ಫೇಸ್ಡ್ ರಣಹದ್ದಿನ ಕೊಕ್ಕಿಗಿದೆ. ಅದು ದಾರಿ ಮಾಡಿಕೊಟ್ಟ ಮೇಲೆ ಉದ್ದ ಕತ್ತಿನ ರುಪ್ಪೆಲ್ ಮತ್ತು ಬಿಳಿಬೆನ್ನಿನ ರಣಹದ್ದುಗಳು ತಲೆಯನ್ನೇ ಒಳಗಿಟ್ಟು ತಿನ್ನುತ್ತವೆ. 1973ರಲ್ಲಿ ಐವರಿ ಕೋಸ್ಟ್ ಮೇಲೆ ಸುಮಾರು 11,300 ಮೀಟರ್ ಎತ್ತರದಲ್ಲಿ ವಿಮಾನಕ್ಕೆ ಬಡಿದದ್ದು ಇದೇ ರುಪ್ಪೆಲ್ ರಣಹದ್ದು. ಹಕ್ಕಿಯೊಂದು ಅಷ್ಟು ಎತ್ತರದಲ್ಲಿ ಹಾರಿದ ಬೇರೆ ದಾಖಲೆಯಿಲ್ಲ. ದನ ಕೊಂದ ಸಿಂಹದ ಮೇಲಿನ ಸೇಡಿಗೆ ಹಳಸಿದ ಮಾಂಸದಲ್ಲಿ ಇಡುವ ವಿಷ ಇವನ್ನು ಗುಂಪುಗುಂಪಾಗಿ ಕೊಲ್ಲುತ್ತಿದೆ. ರುಪ್ಪೆಲ್ ಮತ್ತು ಬಿಳಿಬೆನ್ನಿನವು ಎರಡೂ ಈಗ ಅಳಿವಿನ ತೀವ್ರ ಅಪಾಯದಲ್ಲಿವೆ. ಕುರೂಪವೆಂದು ಕಡೆಗಣಿಸಿದ ಹಕ್ಕಿಗಳ ಒಳ್ಳೆಯ ಚಿತ್ರಗಳು ಇನ್ನಷ್ಟು ಬೇಕು.

ಕೆನ್ಯಾದ ನೈವಾಶಾ ಸರೋವರದಲ್ಲಿ ದೋಣಿಯವರು ಸಿಳ್ಳೆ ಹಾಕಿ ಮೀನು ಎಸೆಯುತ್ತಾರೆ. ಮರದ ಮೇಲಿನ ಆಫ್ರಿಕನ್ ಫಿಶ್ ಈಗಲ್ ನೇರ ಕ್ಯಾಮೆರಾದ ಎದುರಿಗೇ ಎರಗುತ್ತದೆ. ಜಗತ್ತಿನಲ್ಲಿ ಕಾಣುವ ಈ ಹದ್ದಿನ ಚಿತ್ರಗಳಲ್ಲಿ ಎಷ್ಟೋ ಹೀಗೆ ಹುಟ್ಟಿದಂಥವು. ಕಲಿಯುವವರಿಗೆ ಇದು ಒಳ್ಳೆಯ ಅಭ್ಯಾಸ ನಿಜ. ಆದರೆ ಮೀನು ಎಸೆದು ತೆಗೆದದ್ದೆಂದು ಚಿತ್ರದ ಕೆಳಗೆ ಬರೆಯಬೇಕು. ಅಷ್ಟು ಪ್ರಾಮಾಣಿಕತೆ ಹಕ್ಕಿಗೂ ನೋಡುವವರಿಗೂ ಸಲ್ಲಬೇಕು. ಘೇಂಡಾಮೃಗದ ಚಿತ್ರಕ್ಕೆ ಇನ್ನೊಂದು ಎಚ್ಚರ ಬೇಕು. ಮೊಬೈಲ್ ಮತ್ತು ಕೆಲವು ಕ್ಯಾಮೆರಾಗಳು ಚಿತ್ರದೊಳಗೇ ಸ್ಥಳದ ಗುರುತನ್ನು ಬಚ್ಚಿಟ್ಟಿರುತ್ತವೆ. ಅದನ್ನು ಅಳಿಸದೆ ಜಾಲತಾಣಕ್ಕೆ ಹಾಕಿದರೆ ಕೊಂಬಿಗಾಗಿ ಕಾದಿರುವ ಕಳ್ಳಬೇಟೆಗಾರನಿಗೆ ವಿಳಾಸ ಕೊಟ್ಟಂತಾಗುತ್ತದೆ.

ಹಕ್ಕಿಗಳಿಗಾಗಿಯೇ ಹೋಗುವವರಿಗೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಯುರೋಪ್, ಏಷ್ಯಾಗಳಿಂದ ವಲಸೆ ಬಂದ ಹಕ್ಕಿಗಳು ಸೇರಿಕೊಳ್ಳುತ್ತವೆ. ನಾಗಾಲ್ಯಾಂಡಿನಲ್ಲಿ ತಂಗಿ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಆಫ್ರಿಕಾದತ್ತ ಹೋಗುವ ಅಮೂರ್ ಫಾಲ್ಕನ್‌ಗಳೂ ಈ ದಾರಿಯಲ್ಲೇ ಹಾಯುತ್ತವೆ. ನೇಕಾರ ಹಕ್ಕಿಗಳು ಬಣ್ಣ ತುಂಬಿಕೊಂಡು ಗೂಡು ಹೆಣೆಯುತ್ತಿರುತ್ತವೆ. ಜನವರಿಯಿಂದ ಖರ್ಚೂ ಕಡಿಮೆ. 2024ರಿಂದ ವಿದೇಶಿಯರಿಗೆ ಮಾರಾದ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ಮಾರ್ಚ್ ಕೊನೆಯಿಂದ ಮೇವರೆಗೆ ಮಾತ್ರ ಮಳೆ ಜೋರು, ಎರೆಮಣ್ಣಿನ ದಾರಿಯಲ್ಲಿ ಗಾಡಿಗಳು ಹೂತುಕೊಳ್ಳುತ್ತವೆ.

ಹೊರಡುವ ಮುನ್ನ ಕೆಲವು ಸಂಗತಿ ತಿಳಿದಿರಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಭಾರತಕ್ಕೆ ಮರಳುವಾಗ ಬೇಕೇ ಬೇಕು, ಪ್ರಯಾಣಕ್ಕೆ ಹತ್ತು ದಿನ ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ನೈರೋಬಿಯಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಕೈಚೀಲವೂ ಸೇರಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಮೂರು ಕೆ.ಜಿ. ತೂಗುವ ಲೆನ್ಸ್ ಒಯ್ಯುವವರು ಬಟ್ಟೆಯಲ್ಲಿ ಉಳಿತಾಯ ಮಾಡಬೇಕಾಗುತ್ತದೆ. ಕ್ಯಾಮೆರಾಗೆ ಹೊದಿಸಲು ಪ್ಲಾಸ್ಟಿಕ್ ಚೀಲ ಒಯ್ಯುವಂತಿಲ್ಲ, ಕೆನ್ಯಾ ಅದನ್ನು 2017ರಲ್ಲೇ ನಿಷೇಧಿಸಿದೆ. ಡ್ರೋನ್ ಹಾರಿಸುವುದನ್ನು ಮರೆತುಬಿಡಿ.

ಇಷ್ಟೆಲ್ಲ ಖರ್ಚು ಮಾಡಿ ತಂದ ಚಿತ್ರಗಳು ಗೋಡೆಗೆ ಮಾತ್ರವೇ? ಬ್ರಿಟಿಷ್ ಛಾಯಾಗ್ರಾಹಕ ನಿಕ್ ಬ್ರಾಂಟ್ ಅವರ ಕೆಲಸ ಇನ್ನೊಂದು ದಾರಿ ತೋರಿಸುತ್ತದೆ. ಅಂಬೋಸೆಲಿಯ ಆನೆಗಳನ್ನು ಅವರು ಟೆಲಿ ಲೆನ್ಸ್ ಇಲ್ಲದೆ, ಹಳೆಯ ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾದಲ್ಲಿ, ಮನುಷ್ಯರ ಭಾವಚಿತ್ರ ತೆಗೆಯುವಂತೆ ಹತ್ತಿರದಿಂದ ಕಪ್ಪುಬಿಳುಪಿನಲ್ಲಿ ತೆಗೆದರು. ಆ ಆನೆಗಳಲ್ಲಿ ಕೆಲವು ದಂತಕ್ಕಾಗಿ ಕೊಲೆಯಾದಾಗ ಸುಮ್ಮನಿರಲಾಗದೆ, ಕೆನ್ಯಾದ ರಿಚರ್ಡ್ ಬಾನ್‌ಹ್ಯಾಮ್ ಜೊತೆಗೂಡಿ 2010ರಲ್ಲಿ ಬಿಗ್ ಲೈಫ್ ಫೌಂಡೇಶನ್ ಕಟ್ಟಿದರು. ಸ್ಥಳೀಯ ಮಸಾಯಿ ಯುವಕರು ರೇಂಜರ್‌ಗಳಾಗಿ ಆ ಬಯಲನ್ನು ಈಗಲೂ ಕಾಯುತ್ತಿದ್ದಾರೆ.

ಸಾಮಾನ್ಯ ಪ್ರವಾಸಿಗೂ ಇಂಥದ್ದೊಂದು ಅವಕಾಶ ಬಂದಿತ್ತು. ಉತ್ತರ ಕೆನ್ಯಾದ ಒಣನಾಡಿನಲ್ಲಿರುವ ಗ್ರೆವಿ ಜೀಬ್ರಾ ಅಪರೂಪದ ಪ್ರಾಣಿ. ಎಷ್ಟು ಉಳಿದಿವೆ ಎಂದು ಎಣಿಸಲು 2016ರ ಜನವರಿಯಲ್ಲಿ ಶಾಲೆಯ ಮಕ್ಕಳು, ರೇಂಜರ್‌ಗಳು, ಪ್ರವಾಸಿಗಳು, ವಿಜ್ಞಾನಿಗಳು ಎಲ್ಲರ ಕೈಗೂ ಜಿಪಿಎಸ್ ಇರುವ ಕ್ಯಾಮೆರಾ ಕೊಟ್ಟು ಎರಡು ದಿನ ಬಯಲಿಗೆ ಕಳಿಸಿದರು. ಕಲಾತ್ಮಕ ಚಿತ್ರ ಬೇಡ, ಜೀಬ್ರಾದ ಬಲಮಗ್ಗುಲು ಮಾತ್ರ ಸ್ಪಷ್ಟವಾಗಿ ಬೇಕು ಎಂಬುದು ನಿಯಮ. ಬೆರಳಚ್ಚಿನ ಹಾಗೆ ಒಂದರ ಪಟ್ಟೆ ಇನ್ನೊಂದರಂತಿಲ್ಲ, ಎಡಕ್ಕೂ ಬಲಕ್ಕೂ ಹೊಂದಿಕೆಯಾಗದು. ಎಲ್ಲರೂ ಒಂದೇ ಮಗ್ಗುಲನ್ನು ತೆಗೆದರಷ್ಟೇ ಒಂದು ಪ್ರಾಣಿಯನ್ನು ಎರಡು ಸಲ ಎಣಿಸುವ ತಪ್ಪು ತಪ್ಪುತ್ತದೆ. ಬಂದ ಸುಮಾರು 40,000 ಚಿತ್ರಗಳಿಂದ ಕಂಪ್ಯೂಟರ್ ಪಟ್ಟೆಗಳನ್ನು ಹೋಲಿಸಿ ಒಂದೊಂದು ಜೀಬ್ರಾವನ್ನೂ ಗುರುತಿಸಿತು. ಆಗ ಸಿಕ್ಕ ಅಂದಾಜು 2,350. 2018ರಲ್ಲಿ ಮತ್ತೆ ಎಣಿಸಿದಾಗ 2,812. ಆ ಸಲ ಪಟ್ಟಿಗೆ ರೆಟಿಕ್ಯುಲೇಟೆಡ್ ಜಿರಾಫೆಯೂ ಸೇರಿತು, ಅದರ ಮೈಮೇಲಿನ ಬಲೆಯಂಥ ಗೆರೆಗಳನ್ನೂ ಕಂಪ್ಯೂಟರ್ ಓದಬಲ್ಲದಾದ್ದರಿಂದ.